ಟಕ್ ಸದ್ದು ಕೇಳಿಸದಿದ್ದರೆ ಕೆಳಗೆ ಹೋಗಬೇಡಿ

ಹಿಂದಿನ ಸಂಚಿಕೆಯಲ್ಲಿ ಜಾಕ್ ಬಗ್ಗೆ ಉತ್ತರ ಬರೆಯುವಾಗ, ‘ಲಿಫ್ಟ್ ಕೆಳಗೆ ನಿಲ್ಲುವುದು ಬೇರೆಯದೇ ಕಥೆ’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಪತ್ರಗಳ ಕಟ್ಟೇ ಬಂದಿದೆ. ಗಾಡಿ ಎತ್ತುವ ಲಿಫ್ಟ್‌ಗಳನ್ನು ಕೂರಿಸುವುದು, ರಿಪೇರಿ ಮಾಡುವುದು ನನ್ನ ಇಪ್ಪತ್ತೆಂಟು ವರ್ಷದ ಕೆಲಸ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮದು ಎರಡು ಕಂಬದ ಹೈಡ್ರಾಲಿಕ್ ಲಿಫ್ಟ್. ಗಾಡಿ ಏರುವಾಗ ಟಕ್ ಟಕ್ ಎಂದು ಜೋರು ಸದ್ದು. ನಮ್ಮ ಹಳೇ ಮೆಕ್ಯಾನಿಕ್ ಲಾಕ್ ಬಿಡಿಸುವ ಹಿಡಿಯನ್ನು ತಂತಿಯಿಂದ ಎಳೆದು ಕಟ್ಟಿದ್ದಾರೆ. ಈಗ ಸದ್ದಿಲ್ಲ, ಇಳಿಸುವುದೂ ಬೇಗ. ‘ಎಣ್ಣೆಯ ಒತ್ತಡದಲ್ಲೇ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ’ ಎನ್ನುತ್ತಾರೆ. ಹೌದಾ?

ಮೊದಲು ಎದ್ದು ಹೋಗಿ ಆ ತಂತಿ ಬಿಚ್ಚಿ. ಉಳಿದದ್ದು ಆಮೇಲೆ ಓದಿದರಾಯಿತು.

ನಿಮ್ಮ ಮೆಕ್ಯಾನಿಕ್ ಮೇಲೆ ನನಗೆ ಕೋಪವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಕಟ್ಟಿದ್ದೆ. ಒಂದೇ ದಿನ ಹತ್ತಾರು ಗಾಡಿಯ ಎಂಜಿನ್ ಆಯಿಲ್ ಬದಲಿಸಬೇಕಿತ್ತು. ಪ್ರತಿ ಸಲ ಲಾಕ್ ಬಿಡಿಸುವುದು ಯಾರಿಗೆ ಬೇಕು ಅಂತ. ನನಗೆ ಕೆಲಸ ಕಲಿಸಿದವರು ನೋಡಿದರು, ಬೈಯಲಿಲ್ಲ. ಡ್ರಾಯರ್‌ನಿಂದ, ಸಿಲಿಂಡರ್‌ನ ಎಣ್ಣೆ ಸೋರದಂತೆ ತಡೆಯುವ ಹಳೆಯ ಸೀಲ್ ಒಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಬಳೆಯಂಥ ಒಂದು ರಬ್ಬರ್ ಉಂಗುರ, ಅಂಚು ಸೀಳಿತ್ತು. ‘ಈಗ ಆ ಗಾಡಿಯನ್ನು ಹಿಡಿದಿರುವುದು ಇದು’ ಎಂದರು. ಅಷ್ಟೇ. ನಾನು ಹೋಗಿ ತಂತಿ ಬಿಚ್ಚಿದೆ.

ಆ ಸದ್ದು ಬರುವುದು ಎಲ್ಲಿಂದ ಗೊತ್ತಾ? ಕಂಬದೊಳಗೆ ಉದ್ದಕ್ಕೂ ಏಣಿಯಂತೆ ಸಾಲು ಕಿಂಡಿಗಳಿರುತ್ತವೆ. ಸ್ಪ್ರಿಂಗ್ ಒತ್ತುತ್ತಿರುವ ಒಂದು ಉಕ್ಕಿನ ನಾಲಿಗೆ ಅದರ ಮೇಲೆ ಜಾರುತ್ತಾ ಹೋಗುತ್ತದೆ, ಅದೇ ಲಾಕ್. ಒಂದೊಂದು ಕಿಂಡಿ ಬಂದಾಗಲೂ ನಾಲಿಗೆ ಒಳಗೆ ಬೀಳುತ್ತದೆ. ಅದೇ ಟಕ್. ಕಿಂಡಿಗಳ ನಡುವಿನ ಅಂತರ ಸಾಮಾನ್ಯವಾಗಿ ಮೂರು ನಾಲ್ಕು ಇಂಚು. ಎಣ್ಣೆ ಕೈಕೊಟ್ಟರೂ ಗಾಡಿ ಅಷ್ಟೇ ಇಳಿದು ನಾಲಿಗೆಯ ಮೇಲೆ ಕೂರುತ್ತದೆ. ನಾಲಿಗೆಯನ್ನು ತಂತಿಯಲ್ಲಿ ಎಳೆದು ಕಟ್ಟಿದ ಮೇಲೆ ಬೀಳಲು ಅಡ್ಡಿ ಅನ್ನುವುದೇ ಇಲ್ಲ, ನೆಲದವರೆಗೂ ದಾರಿ ಖಾಲಿ.

ಇನ್ನೊಂದು ಮಾತು. ಲಾಕ್ ಇದ್ದರೆ ಸಾಲದು, ಗಾಡಿಯನ್ನು ಅದರ ಮೇಲೆ ಕೂರಿಸಬೇಕು. ಬೇಕಾದ ಎತ್ತರಕ್ಕಿಂತ ಒಂದು ಟಕ್ ಮೇಲೆ ಏರಿಸಿ, ಆಮೇಲೆ ಇಳಿಸುವ ವಾಲ್ವ್ ಒತ್ತಿ. ಗಾಡಿ ಸ್ವಲ್ಪ ಇಳಿದು ಎರಡೂ ಕಡೆ ಗಟ್ಟಿಯಾಗಿ ಕೂರುತ್ತದೆ. ಆಗ ಭಾರವೆಲ್ಲ ಉಕ್ಕಿನ ಮೇಲೆ, ಎಣ್ಣೆಗೆ ರಜೆ. ಇಳಿಸಬೇಕಾದಾಗ ಮೊದಲು ಒಂದೆರಡು ಇಂಚು ಏರಿಸಿ, ಲಾಕ್ ಬಿಡಿಸಿ, ಆಮೇಲೆ ವಾಲ್ವ್ ಒತ್ತಿ. ಈ ಒಂದೆರಡು ಇಂಚಿನ ಏರಿಕೆಯೇ ಜನಕ್ಕೆ ಬೇಜಾರು. ನಾನು ಗಡಿಯಾರ ಹಿಡಿದು ನೋಡಿದ್ದೇನೆ, ಹತ್ತು ಸೆಕೆಂಡ್ ಕೂಡ ಆಗುವುದಿಲ್ಲ.

ಟಕ್ ಸದ್ದು ಎರಡೂ ಕಂಬದಿಂದ ಬರುತ್ತಿದೆಯೇ ಎಂದೂ ಕೇಳಿಸಿಕೊಳ್ಳಿ. ಒಂದು ಕಂಬದ ಹಿಡಿಯಿಂದ ಇನ್ನೊಂದು ಕಂಬದ ಲಾಕ್‌ಗೆ ಒಂದು ಸಣ್ಣ ಕೇಬಲ್ ಹೋಗಿರುತ್ತದೆ. ಅದು ಹಿಗ್ಗಿದರೆ ಈಚೆ ಲಾಕ್ ಬಿಡುತ್ತದೆ, ಆಚೆಯದು ಬಿಡುವುದಿಲ್ಲ. ಇಳಿಸುವಾಗ ಒಂದು ಕಡೆ ಸಿಕ್ಕಿಕೊಂಡು ಇನ್ನೊಂದು ಕಡೆ ಇಳಿಯತೊಡಗಿದರೆ ಗಾಡಿ ವಾಲುತ್ತದೆ. ಹಾಗಾಗಿ ಇಳಿಸುವವರ ಕಣ್ಣು ಎರಡೂ ಕಂಬದ ಮೇಲೆ ಇರಬೇಕು, ಮೊಬೈಲ್ ಮೇಲೆ ಅಲ್ಲ.

ಪ್ರಶ್ನೆ: ರಾತ್ರಿ ಎತ್ತಿ ಬಿಟ್ಟುಹೋದ ಕಾರು ಬೆಳಿಗ್ಗೆ ಎರಡಿಂಚು ಇಳಿದಿತ್ತು. ಎಲ್ಲೂ ಎಣ್ಣೆ ಸೋರಿಲ್ಲ.

ಅಂದರೆ ನೀವೂ ಲಾಕ್ ಮೇಲೆ ಕೂರಿಸಿರಲಿಲ್ಲ ಅಂತಾಯಿತು. ಮೇಲಿನ ಉತ್ತರ ನಿಮಗೂ ಸೇರಿದ್ದು.

ಎಣ್ಣೆ ಹೊರಗೆ ಸೋರದಿದ್ದರೆ ಒಳಗೆ ವಾಪಸ್ ಹೋಗಿದೆ. ಪಂಪ್ ಇರುವ ಪವರ್ ಯೂನಿಟ್‌ನಲ್ಲಿ ಎಣ್ಣೆಯನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಇರುತ್ತದೆ, ಇಳಿಸುವ ವಾಲ್ವ್ ಇರುತ್ತದೆ. ಇವುಗಳಲ್ಲಿ ಒಂದರ ಕೂರುವ ಜಾಗದಲ್ಲಿ ಕಸದ ಕಣ ಸಿಕ್ಕಿದ್ದರೂ ಸಾಕು. ಕೆಲವೊಮ್ಮೆ ಖಾಲಿ ಲಿಫ್ಟನ್ನು ನಾಲ್ಕೈದು ಸಲ ಪೂರ್ತಿ ಏರಿಸಿ ಇಳಿಸಿದರೆ ಕಣ ತೊಳೆದುಹೋಗುತ್ತದೆ. ಹೋಗದಿದ್ದರೆ ವಾಲ್ವ್ ಬಿಚ್ಚಿ ಸ್ವಚ್ಛ ಮಾಡಿಸಿ, ಎಣ್ಣೆ ಬದಲಿಸಿ. ತಯಾರಕರು ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಸುರಿದ ಪುಣ್ಯಾತ್ಮರನ್ನೂ ನೋಡಿದ್ದೇನೆ. ಸೀಲ್‌ಗಳೆಲ್ಲ ಉಬ್ಬಿ ಅಂಟಾಗಿ ಹೋಗಿದ್ದವು.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು, ಅಣ್ಣಾ. ಗಾಡಿ ಕೆಳಗೆ ಲಿಫ್ಟ್‌ನ ತೋಳು ಇಡುವುದು ನನ್ನ ಕೆಲಸ. ‘ಎಲ್ಲಾದರೂ ಗಟ್ಟಿ ಜಾಗಕ್ಕೆ ಇಡು’ ಎನ್ನುತ್ತಾರೆ. ಗಾಡಿ ಮೇಲೆ ಹೋದಾಗೆಲ್ಲ ಎದೆ ಢವಢವ ಎನ್ನುತ್ತದೆ.

ತಮ್ಮಾ, ಆ ಢವಢವ ಒಳ್ಳೆಯದೇ. ಇಪ್ಪತ್ತೆಂಟು ವರ್ಷವಾದರೂ ನನಗೆ ಅದು ಪೂರ್ತಿ ಹೋಗಿಲ್ಲ.

‘ಎಲ್ಲಾದರೂ’ ಅನ್ನುವ ಮಾತು ಬಿಟ್ಟುಬಿಡು. ಪ್ರತಿ ಗಾಡಿಗೂ ಎತ್ತುವ ಜಾಗ ಇಲ್ಲಿಯೇ ಎಂದು ಅದರ ಕೈಪಿಡಿಯಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ಸಣ್ಣ ಕಾರಾದರೆ ಬಾಗಿಲ ಕೆಳಗಿನ ಅಂಚಿನಲ್ಲಿ ಗಟ್ಟಿ ಮಾಡಿದ ನಾಲ್ಕು ಜಾಗ, ಚಾಸಿ ಇರುವ ಗಾಡಿಯಾದರೆ ಚಾಸಿಯ ಮೇಲೆ ಹೇಳಿದ ಜಾಗ. ತುಕ್ಕು ಹಿಡಿದಿದ್ದರೆ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡು. ಒಳಗೆ ಹೋದರೆ ಅದನ್ನು ಎತ್ತಬೇಡ, ಮೇಸ್ತ್ರಿಯನ್ನು ಕರೆ.

ಆಮೇಲೆ ತೂಕ. ಲಿಫ್ಟ್ ಮೇಲೆ 4 ಟನ್ ಎಂದು ಬರೆದಿದೆ ಅಂದುಕೋ. ಅದು ನಾಲ್ಕು ತೋಳಿಗೂ ಸೇರಿ. ಒಂದು ತೋಳಿನ ಪಾಲು 1 ಟನ್ ಮಾತ್ರ. ಎಂಜಿನ್ ಮುಂದಿರುವ ಗಾಡಿಯಲ್ಲಿ ಭಾರ ಮುಂದೆ ಜಾಸ್ತಿ. ಹಿಂದೆ ಸಾಮಾನು ತುಂಬಿದ ಪಿಕಪ್ ಬಂದರೆ ಹಿಂದೆ ಜಾಸ್ತಿ. ಒಟ್ಟು ತೂಕ ಲೆಕ್ಕದೊಳಗಿದ್ದರೂ ಎರಡು ತೋಳಿಗೆ ಹೊರೆ ಮೀರಿರಬಹುದು. ಸಾಮಾನು ಇಳಿಸಿಯೇ ಎತ್ತಿಸು. ಅತಿಭಾರಕ್ಕೆ ಪಂಪ್‌ನಲ್ಲಿ ರಿಲೀಫ್ ವಾಲ್ವ್ ಇದೆ, ಒತ್ತಡ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ತಿರುಗಿಸಿಬಿಡುತ್ತದೆ, ನಿಜ. ಆದರೆ ಅದಕ್ಕೆ ಗೊತ್ತಾಗುವುದು ಎಣ್ಣೆಯ ಒತ್ತಡ ಮಾತ್ರ. ಒಂದೇ ತೋಳು ನರಳುತ್ತಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಆ ವಾಲ್ವಿನ ಸ್ಕ್ರೂ ತಿರುಗಿಸಿ ‘ಪವರ್ ಜಾಸ್ತಿ’ ಮಾಡುವವರ ಹತ್ತಿರ ಕೆಲಸ ಕಲಿಯಬೇಡ.

ತೋಳಿನ ಬುಡದಲ್ಲಿ ಹಲ್ಲಿನ ಚಕ್ರ ನೋಡಿದ್ದೀಯಾ? ಅದು ತೋಳಿನ ಲಾಕ್. ಲಿಫ್ಟ್ ನೆಲದಲ್ಲಿರುವಾಗ ಬಿಟ್ಟುಕೊಂಡಿರುತ್ತದೆ, ತೋಳು ಬೇಕಾದ ಕಡೆ ತಿರುಗುತ್ತದೆ. ಲಿಫ್ಟ್ ಸ್ವಲ್ಪ ಎದ್ದ ಕೂಡಲೇ ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳುತ್ತದೆ, ಹಲ್ಲಿಗೆ ಹಲ್ಲು ಕೂರುತ್ತದೆ, ತೋಳು ಆಚೀಚೆ ಸರಿಯುವಂತಿಲ್ಲ. ಗ್ರೀಸ್, ಮಣ್ಣು ಸೇರಿದರೆ ಅರ್ಧಕ್ಕೇ ನಿಲ್ಲುತ್ತದೆ. ಲಿಫ್ಟನ್ನು ಖಾಲಿಯಾಗಿ ಮೊಣಕಾಲೆತ್ತರಕ್ಕೆ ಏರಿಸಿ, ಒಂದೊಂದು ತೋಳನ್ನೂ ಕೈಯಿಂದ ತಳ್ಳಿ ನೋಡು. ತಿರುಗಿದರೆ ಆ ದಿನ ಆ ಲಿಫ್ಟ್ ಬಂದ್. ದಿನಾ ಬೆಳಿಗ್ಗೆ ಮಾಡು, ಒಂದು ನಿಮಿಷದ ಕೆಲಸ.

ಗಾಡಿ ಎತ್ತುವಾಗ ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸು. ತೋಳಿನ ತುದಿಯಲ್ಲಿ ಗಾಡಿ ಕೂರುವ ಪ್ಯಾಡ್ ನಾಲ್ಕನ್ನೂ ಬಗ್ಗಿ ನೋಡು. ಬಂಪರ್ ಹಿಡಿದು ಅಲುಗಾಡಿಸು, ಮೆಲ್ಲಗೆ ಅಲ್ಲ, ಚೆನ್ನಾಗಿಯೇ. ಬೀಳುವುದಿದ್ದರೆ ಇಲ್ಲೇ ಬೀಳಲಿ. ಆರಿಂಚಿನಿಂದ ಬಿದ್ದರೆ ಗಾಡಿ ಕುಪ್ಪಳಿಸುತ್ತದೆ, ಆರಡಿಯಿಂದ ಬಿದ್ದರೆ ಕಥೆ ಬೇರೆ.

ಕೊನೆಯದು ನಾನು ಕಣ್ಣಾರೆ ನೋಡಿದ್ದು. ಯಾವ ವರ್ಕ್‌ಶಾಪ್ ಎಂದು ಹೇಳುವುದಿಲ್ಲ, ನಾನು ಅಲ್ಲಿ ಪಕ್ಕದ ಲಿಫ್ಟ್ ರಿಪೇರಿಗೆ ಹೋಗಿದ್ದೆ. ಒಂದು ಕಾರಿನ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಕೆಳಗಿಳಿಸುತ್ತಿದ್ದರು. ಎತ್ತುವಾಗ ಎಲ್ಲ ಸರಿಯಾಗಿಯೇ ಇಟ್ಟಿದ್ದರು. ಕೊನೆಯ ಬೋಲ್ಟ್ ಬಿಚ್ಚಿ ಟ್ರಾಲಿ ಸರಿಸಿದ ಕೂಡಲೇ ಕಾರಿನ ಮೂತಿ ಮೆಲ್ಲಗೆ ಮೇಲೆದ್ದಿತು, ತಕ್ಕಡಿಯಲ್ಲಿ ಒಂದು ತಟ್ಟೆಯ ಬಟ್ಟು ತೆಗೆದ ಹಾಗೆ. ಮುಂದಿನ ಪ್ಯಾಡ್‌ಗಳ ಮೇಲೆ ಬೆಳಕು ಕಾಣಿಸಿತು. ಎಲ್ಲರೂ ಕಲ್ಲಿನಂತೆ ನಿಂತೆವು. ಹಿಂದಿನ ಸೀಟಿನಲ್ಲಿದ್ದ ಒಂದು ಪೆಟ್ಟಿಗೆ ಜಾರಿ ಡಿಕ್ಕಿಯ ಕಡೆ ಹೋಗಿದ್ದರೆ ಆ ಕಾರು ಹಿಂದಕ್ಕೆ ಮಗುಚುತ್ತಿತ್ತು. ಎತ್ತರದ ಸ್ಟ್ಯಾಂಡ್ ತಂದು ಹಿಂಭಾಗಕ್ಕೆ ಕೊಟ್ಟ ಮೇಲೆ ಉಸಿರು ಬಿಟ್ಟೆವು. ಆ ಸ್ಟ್ಯಾಂಡ್ ಮೊದಲೇ ಇರಬೇಕಿತ್ತು. ಭಾರದ ಭಾಗ ಬಿಚ್ಚುವ ಮುಂಚೆ, ಅದು ಹೋದಮೇಲೆ ಗಾಡಿ ಯಾವ ಕಡೆ ವಾಲುತ್ತದೆ ಎಂದು ಕೇಳಿಕೋ, ಆ ಕಡೆ ಸ್ಟ್ಯಾಂಡ್ ಕೊಡು. ಸ್ಟ್ಯಾಂಡ್ ಇರುವುದು ವಾಲದಂತೆ ತಡೆಯಲು, ಗಾಡಿಯ ಪೂರ್ತಿ ಭಾರ ಹೊರಲು ಅಲ್ಲ.

ಪ್ರಶ್ನೆ: ಹೈಡ್ರಾಲಿಕ್ ಹೋಸ್ ಒಡೆದರೆ ಗಾಡಿ ಧೊಪ್ಪನೆ ಬೀಳುತ್ತದೆಯೇ?

ಸರಿಯಾಗಿರುವ ಲಿಫ್ಟ್‌ನಲ್ಲಿ ಬೀಳುವುದಿಲ್ಲ. ಸಿಲಿಂಡರ್‌ಗೆ ಹೋಸ್ ಸೇರುವ ಜಾಗದಲ್ಲಿ ಬೆರಳ ತುದಿಯಷ್ಟು ದಪ್ಪದ ಒಂದು ಸಣ್ಣ ವಾಲ್ವ್ ಅಡಗಿರುತ್ತದೆ. ಎಣ್ಣೆ ಮಾಮೂಲಿ ವೇಗದಲ್ಲಿ ಹೊರಗೆ ಹೋದರೆ ಸುಮ್ಮನಿರುತ್ತದೆ. ಹೋಸ್ ಒಡೆದು ಎಣ್ಣೆ ಒಮ್ಮೆಲೇ ನುಗ್ಗಿದರೆ, ಆ ರಭಸವೇ ಅದನ್ನು ತಳ್ಳಿ ಮುಚ್ಚಿಸುತ್ತದೆ. ಕೆಲವು ಪೂರ್ತಿ ಮುಚ್ಚುತ್ತವೆ, ಕೆಲವು ಸಣ್ಣ ತೂತು ಮಾತ್ರ ಬಿಟ್ಟು ಗಾಡಿಯನ್ನು ನಿಧಾನವಾಗಿ ಇಳಿಸುತ್ತವೆ. ಒಮ್ಮೆ ಒಂದು ಹಳೇ ಲಿಫ್ಟ್ ಬಿಚ್ಚಿದಾಗ ಆ ಜಾಗದಲ್ಲಿ ಮಾಮೂಲಿ ಪೈಪ್ ಜೋಡಣೆ ಇತ್ತು. ‘ಇಳಿಯುವುದು ತಡವಾಗುತ್ತಿತ್ತು, ಅದಕ್ಕೇ ತೆಗೆದೆವು’ ಎಂದರು. ತೆಗೆದದ್ದು ಏನು ಎಂದು ಅವರಿಗೆ ಗೊತ್ತಿರಲಿಲ್ಲ.

ಹೋಸ್ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಗಾಡಿ ಟೈರಿನಲ್ಲಿ ಇರುವುದು ಎರಡೂವರೆ ಬಾರ್ ಒತ್ತಡ, ಲಿಫ್ಟ್‌ನ ಎಣ್ಣೆಯಲ್ಲಿ 150 ಬಾರ್ ದಾಟಬಹುದು. ಸೂಜಿಮೊನೆಯಂಥ ತೂತಿನಿಂದ ಬಂದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟೇ ಗಾಯ, ಒಳಗೆ ಬೆರಳೇ ಕೊಳೆಯುವ ಅಪಾಯ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಪ್ರಶ್ನೆ: ಒಂದು ಕಡೆಯ ತೋಳು ಇನ್ನೊಂದಕ್ಕಿಂತ ಒಂದಿಂಚು ಕೆಳಗಿದೆ. ಪ್ಯಾಡ್ ಕೆಳಗೆ ಮರದ ತುಂಡು ಕೊಟ್ಟು ಸರಿದೂಗಿಸುತ್ತಿದ್ದೇವೆ.

ಮರದ ತುಂಡನ್ನು ಒಲೆಗೆ ಹಾಕಿ. ಪ್ಯಾಡ್ ಎತ್ತರ ಬೇಕಾದರೆ ಲಿಫ್ಟ್ ಜೊತೆ ಬರುವ ಲೋಹದ ಅಡಾಪ್ಟರ್ ಇದೆ.

ನಿಮ್ಮ ರೋಗ ಇರುವುದು ಸಮತೋಲನದ ಕೇಬಲ್‌ನಲ್ಲಿ. ಎರಡೂ ಕಂಬದಲ್ಲಿ ತೋಳುಗಳನ್ನು ಹೊತ್ತು ಏರಿಳಿಯುವ ಕ್ಯಾರೇಜ್‌ಗಳನ್ನು ಜೊತೆಯಾಗಿ ಏರಿಸಿ ಇಳಿಸಲು ಎರಡು ಉಕ್ಕಿನ ಕೇಬಲ್‌ಗಳು ಪುಲ್ಲಿಗಳ ಮೇಲೆ ಹಾದು ಒಂದನ್ನೊಂದು ಕಟ್ಟಿಹಾಕಿರುತ್ತವೆ. ಹೊಸ ಕೇಬಲ್ ಸ್ವಲ್ಪ ಹಿಗ್ಗುವುದು ಸಹಜ. ಖಾಲಿ ಲಿಫ್ಟನ್ನು ಎರಡೂ ಕಡೆ ಒಂದೇ ಎತ್ತರದ ಲಾಕ್ ಮೇಲೆ ಕೂರಿಸಿ, ಕೇಬಲ್ ತುದಿಯ ನಟ್ ಬಿಗಿ ಮಾಡಿ. ಎರಡರ ಬಿಗಿಯೂ ಒಂದೇ ಇರಬೇಕು. ಎಷ್ಟು ಬಿಗಿ ಅನ್ನುವುದು ನಿಮ್ಮ ಕೈಪಿಡಿಯಲ್ಲಿ ಇರುತ್ತದೆ. ಅದೇ ಹೊತ್ತಿಗೆ ಕೇಬಲ್ ಉದ್ದಕ್ಕೂ ಹಳೇ ಬಟ್ಟೆ ಹಿಡಿದು ಎಳೆಯಿರಿ. ಬರಿಗೈ ಬೇಡ. ಬಟ್ಟೆ ಎಲ್ಲಾದರೂ ಸಿಕ್ಕಿದರೆ ಅಲ್ಲಿ ಎಳೆ ತುಂಡಾಗಿದೆ ಎಂದರ್ಥ. ಪುಲ್ಲಿಯ ಮೇಲೆ ಬಾಗುವ ಜಾಗದಲ್ಲೇ ಇದು ಜಾಸ್ತಿ. ಎಳೆ ಕಿತ್ತ ಕೇಬಲ್‌ಗೆ ರಿಪೇರಿ ಇಲ್ಲ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ಕ್ರೂ ಲಿಫ್ಟ್ ಒಂದು ಸಿಗುತ್ತಿದೆ. ಎಣ್ಣೆಯೇ ಇಲ್ಲವಲ್ಲ, ಹಾಗಾಗಿ ಸುರಕ್ಷಿತ ಎನ್ನುತ್ತಾರೆ ಮಾರುವವರು.

ಎಣ್ಣೆ ಇಲ್ಲದಿದ್ದರೂ ಸವೆಯುವ ವಸ್ತು ಇದೆಯಲ್ಲ. ಈ ಲಿಫ್ಟ್‌ನಲ್ಲಿ ಮೋಟಾರ್ ಉದ್ದನೆಯ ಸ್ಕ್ರೂ ತಿರುಗಿಸುತ್ತದೆ, ಅದರ ಮೇಲೆ ಕಂಚಿನ ನಟ್ ಏರುತ್ತದೆ, ಭಾರವೆಲ್ಲ ಆ ನಟ್ಟಿನ ಮೇಲೆ. ಕಂಚು ಮೆತ್ತಗೆ, ಸವೆಯುತ್ತಲೇ ಇರುತ್ತದೆ. ಅದಕ್ಕೇ ಕೆಳಗೆ ಇನ್ನೊಂದು ನಟ್ ಇಟ್ಟಿರುತ್ತಾರೆ. ಭಾರ ಹೊರದೆ ಸುಮ್ನೆ ಜೊತೆಗೆ ಹೋಗುವ ಕಾವಲು ನಟ್ ಅದು. ಮೇಲಿನದು ಸವೆದಂತೆ ಎರಡರ ನಡುವಿನ ಸಂದು ಕಿರಿದಾಗುತ್ತದೆ. ಆ ಸಂದನ್ನು ಅಳೆದು ಕೈಪಿಡಿಯ ಅಳತೆಯೊಂದಿಗೆ ಹೋಲಿಸಿದರೆ ಲಿಫ್ಟ್‌ನ ಆಯಸ್ಸು ಗೊತ್ತಾಗುತ್ತದೆ. ಅಳೆಯಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬನ್ನಿ. ಸ್ಕ್ರೂ ಮೇಲಿನ ಗ್ರೀಸನ್ನು ಬೆರಳಲ್ಲಿ ತೀಡಿ ಬೆಳಕಿಗೆ ಹಿಡಿಯಿರಿ. ಚಿನ್ನದ ಪುಡಿಯಂತೆ ಜಾಸ್ತಿ ಮಿನುಗಿದರೆ ಅದು ನಟ್ಟಿನದೇ ಪುಡಿ.

ವೈರಿಂಗ್ ಆದಮೇಲೆ ಗಾಡಿ ಇಲ್ಲದೆ ಒಮ್ಮೆ ಓಡಿಸಿ. ಮೂರು ಫೇಸ್‌ನಲ್ಲಿ ಎರಡು ಅದಲುಬದಲಾದರೆ ಮೇಲಿನ ಗುಂಡಿ ಒತ್ತಿದಾಗ ಲಿಫ್ಟ್ ಇಳಿಯುತ್ತದೆ. ಆಗ ಮೇಲೆ ಕೆಳಗೆ ಇರುವ ಲಿಮಿಟ್ ಸ್ವಿಚ್‌ಗಳೂ ತಪ್ಪು ಕಡೆಯ ಕಾವಲು ಕಾಯುತ್ತವೆ, ತುದಿ ಮುಟ್ಟಿದರೂ ಮೋಟಾರ್ ನಿಲ್ಲುವುದಿಲ್ಲ. ಯುರೋಪಿನ ಇಎನ್ 1493 ಮಾನದಂಡಕ್ಕೆ ತಯಾರಾಗಿದ್ದರೆ ಗುಂಡಿಯಿಂದ ಕೈ ತೆಗೆದ ಕೂಡಲೇ ಲಿಫ್ಟ್ ನಿಲ್ಲಬೇಕು. ಅದನ್ನೂ ಪರೀಕ್ಷೆ ಮಾಡಿ.

ಪ್ರಶ್ನೆ: ಟೈಲ್ಸ್ ಹಾಕಿದ ನೆಲದ ಮೇಲೆ ಲಿಫ್ಟ್ ಕೂರಿಸಬಹುದೇ?

ಟೈಲ್ಸ್ ಒಡೆದು ತೆಗೆದು, ಕೆಳಗಿನ ಕಾಂಕ್ರೀಟ್ ಮೇಲೆ ಕೂರಿಸಬಹುದು. ಗಾಡಿ ಹೊತ್ತ ತೋಳುಗಳು ಕಂಬವನ್ನು ಒಳಗಡೆಗೆ ಬಾಗಿಸಲು ನೋಡುತ್ತವೆ. ಆದ್ದರಿಂದ ಕಂಬವನ್ನು ನೆಲಕ್ಕೆ ಹಿಡಿದಿಡುವ ಹೊರಬದಿಯ ಆಂಕರ್ ಬೋಲ್ಟ್‌ಗಳನ್ನು ನೆಲದಿಂದ ಕೀಳುವ ಬಲ ಸದಾ ಇರುತ್ತದೆ. ಟೈಲ್ಸ್ ಕೆಳಗೆ ಪೊಳ್ಳು ಇದ್ದರೆ ಬಿಗಿ ನಿಲ್ಲುವುದಿಲ್ಲ. ಕಾಂಕ್ರೀಟ್ ಎಷ್ಟು ದಪ್ಪ ಬೇಕು ಎಂದು ಲಿಫ್ಟ್‌ನ ಕೈಪಿಡಿ ಹೇಳುತ್ತದೆ. ನಾಲ್ಕಿಂಚಿಗಿಂತ ತೆಳುವಾದ ನೆಲಕ್ಕಂತೂ ನಾನು ಡ್ರಿಲ್ ಇಡುವುದಿಲ್ಲ. ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ಬಿರುಕಿನ ಪಕ್ಕ ಬೇಡ. ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿದಾಗ ಬೋಲ್ಟ್ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಅದು ಹಿಡಿದಿಲ್ಲ. ‘ಉಳಿದ ನಾಲ್ಕು ಇದೆಯಲ್ಲ’ ಎಂದು ಬಿಡಬೇಡಿ.

ಪ್ರಶ್ನೆ: ಎತ್ತರದ ವ್ಯಾನ್ ಎತ್ತುವಾಗ ಲಿಫ್ಟ್ ಮಧ್ಯದಲ್ಲೇ ನಿಂತುಬಿಡುತ್ತದೆ. ಮೇಲಿನ ಪಟ್ಟಿಯ ಸ್ವಿಚ್ ತೆಗೆಸಲೇ?

ಬೇಡ. ವ್ಯಾನ್‌ನ ಚಾವಣಿ ಮೇಲಿನ ತೊಲೆಗೆ ಗುದ್ದುವ ಮುಂಚೆ ಆ ಪಟ್ಟಿ ತಾಗಿ ಮೋಟಾರ್ ನಿಲ್ಲಿಸುತ್ತಿದೆ. ಲಿಫ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆದರೆ ಆ ಪಟ್ಟಿ ಇರುವುದು ನಡುವೆ ಮಾತ್ರ. ಚಾವಣಿಯ ತುದಿಯಲ್ಲಿ ಏಣಿ, ಕ್ಯಾರಿಯರ್ ಇದ್ದರೆ ಅದಕ್ಕೆ ತಾಗದೆ ಸೀದಾ ಮೇಲೆ ಹೋಗಬಹುದು. ಒಬ್ಬರು ದೂರ ನಿಂತು ನೋಡುತ್ತಿರಲಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಎತ್ತಲು ಬೇರೆ ಲಿಫ್ಟ್ ಬೇಕಾ?

ಬಹಳ ಸಲ ಬೇಡ, ಬೇರೆ ಎಚ್ಚರ ಬೇಕು. ಹೊಟ್ಟೆಯಡಿ ಪೂರ್ತಿ ಬ್ಯಾಟರಿ ಹರಡಿರುತ್ತದೆ. ಅದರದ್ದೇ ತೂಕ 300–500 ಕಿಲೋ ಇರಬಹುದು, ಹಾಗಾಗಿ ನೋಡಲು ಸಣ್ಣ ಕಾರಾದರೂ ಭಾರದಲ್ಲಿ ಅಣ್ಣ. ತೂಕದ ಪಟ್ಟಿ ಓದಿಯೇ ಎತ್ತಿ. ಪ್ಯಾಡ್ ಆಗಲಿ, ತೋಳು ಆಗಲಿ ಬ್ಯಾಟರಿಯ ಪೆಟ್ಟಿಗೆಗೆ ತಾಗಕೂಡದು. ಎತ್ತುವ ಜಾಗ ಅಂಚಿನಲ್ಲಿ ಕಿರಿದಾಗಿರುತ್ತದೆ, ಅಗಲ ಪ್ಯಾಡ್ ಅಲ್ಲಿ ಹೊಂದುವುದಿಲ್ಲ, ಅದಕ್ಕೆಂದೇ ಬರುವ ಸಣ್ಣ ಪ್ಯಾಡ್ ತರಿಸಿಕೊಳ್ಳಿ.

ಪ್ರಶ್ನೆ: ಗಾಡಿ ಮೇಲಿರುವಾಗ ಕರೆಂಟ್ ಹೋದರೆ?

ಲಾಕ್ ಮೇಲೆ ಕೂರಿಸಿದ್ದರೆ ಕರೆಂಟ್ ಬರುವವರೆಗೆ ಅಲ್ಲೇ ಇರಲಿ, ಏನೂ ಆಗುವುದಿಲ್ಲ. ಇಳಿಸಲೇಬೇಕು ಅಂದರೆ ಲಾಕ್ ಬಿಡಲು ಮೊದಲು ಸ್ವಲ್ಪ ಏರಬೇಕಲ್ಲ, ಅದಕ್ಕೆ ಕೈಪಂಪ್ ಬೇಕು. ಸ್ಕ್ರೂ ಲಿಫ್ಟ್ ಆದರೆ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಆಮೇಲೆ ಕೈಯಿಂದ ತಿರುಗಿಸಿ. ನೀವು ಹಿಡಿ ತಿರುಗಿಸುತ್ತಿರುವಾಗ ಕರೆಂಟ್ ಬಂದರೆ ಮಣಿಕಟ್ಟಿನ ಗತಿ ಏನು? ನನ್ನ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ದಿನ ಬೀಗ ನನ್ನ ಜೇಬಿನಲ್ಲೇ ಇತ್ತು.